ಹೆಸರಿಲ್ಲದವರ ಸಾಕ್ಷ್ಯ

ಮಣ್ಣು ಸೇರಿದವರ ನೆಮ್ಮದಿಯನ್ನು ಕೆಡಿಸಬಾರದೆಂಬುದು ನಮ್ಮ ಹಿರಿಯರ ಮಾತು. ಹಾಗಿರುವಾಗ ಹಳೆಯ ಸಮಾಧಿಗಳನ್ನು ಅಗೆದು ಮೂಳೆಗಳನ್ನು ಪರೀಕ್ಷಿಸುವುದು ಉಚಿತವೇ? ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನಡೆದ ಉತ್ಖನನದ ವಿವರಗಳನ್ನು ಓದಿದ ಬಳಿಕ, ಉಚಿತವೆಂದೇ ನನ್ನ ಅಭಿಪ್ರಾಯ.

ಅಲ್ಲಿ 1197ರಲ್ಲಿ ಸೇಂಟ್ ಮೇರಿ ಸ್ಪಿಟಲ್ ಎಂಬ ಕ್ರೈಸ್ತ ಮಠವೂ ಆಸ್ಪತ್ರೆಯೂ ಸ್ಥಾಪನೆಗೊಂಡವು. ಬಡವರಿಗೂ ರೋಗಿಗಳಿಗೂ ಅದು ಆಶ್ರಯವಾಗಿತ್ತು. 1320ರ ಸುಮಾರಿಗೆ ಅದರ ಸ್ಮಶಾನದಲ್ಲಿ ಒಂದು ಪ್ರಾರ್ಥನಾ ಮಂದಿರವನ್ನು ಕಟ್ಟಿದರು. ಮೇಲೆ ಪ್ರಾರ್ಥನೆ, ಹೊಸ ಗುಂಡಿ ತೋಡುವಾಗ ಹೊರಬಂದ ಹಳೆಯ ಮೂಳೆಗಳಿಗೆ ಕೆಳಗಿನ ನೆಲಮಾಳಿಗೆಯಲ್ಲಿ ಸ್ಥಾನ. ಮೂಳೆಗಳನ್ನು ಸ್ಥಳಾಂತರಿಸುವುದನ್ನು ಅಂದಿನ ಭಕ್ತರೂ ಅಪಚಾರವೆಂದು ಭಾವಿಸಲಿಲ್ಲವೆಂಬುದು ಗಮನಾರ್ಹ.

ದೊರೆ ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ ಮಠವು ಮುಚ್ಚಿತು. ಕಾಲಕ್ರಮದಲ್ಲಿ ಮಂದಿರವೂ ನೆಲಸಮವಾಗಿ ಜನಮನದಿಂದ ಮರೆಯಾಯಿತು. ಹೊಸ ಕಟ್ಟಡಗಳಿಗಾಗಿ ನೆಲವನ್ನು ಅಗೆಯುವ ಮುನ್ನ ಪುರಾತತ್ತ್ವಜ್ಞರು ಶೋಧ ನಡೆಸಿದಾಗ, 1999ರಲ್ಲಿ ಆ ನೆಲಮಾಳಿಗೆ ಪತ್ತೆಯಾಯಿತು. ಸುತ್ತಲಿನ ಸ್ಮಶಾನದಲ್ಲಿ ದೊರೆತ ಅಸ್ಥಿಪಂಜರಗಳು 10,500ಕ್ಕೂ ಅಧಿಕ.

ಅವುಗಳಲ್ಲಿ ಅನೇಕವು ಸಾಮೂಹಿಕ ಹೊಂಡಗಳಲ್ಲಿದ್ದವು. 1348ರ ಮಹಾಮಾರಿ ಪ್ಲೇಗಿಗೆ ಬಲಿಯಾದವರಿರಬೇಕೆಂದು ಊಹಿಸುವುದು ಸುಲಭವಾಗಿತ್ತು. ಆದರೆ ಮೂಳೆಗಳ ಇಂಗಾಲ ಪರೀಕ್ಷೆಯು ಮುಖ್ಯ ಹೊಂಡಗಳು ಅದಕ್ಕಿಂತ ಸುಮಾರು ನೂರು ವರ್ಷ ಹಳೆಯವೆಂದು ತೋರಿಸಿತು. 1257ರಲ್ಲಿ ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಸಮಾಲಾಸ್ ಜ್ವಾಲಾಮುಖಿ ಸಿಡಿದಿತ್ತು; 1258ರಲ್ಲಿ ಇಂಗ್ಲೆಂಡಿನಲ್ಲಿ ಬೆಳೆ ಕೆಟ್ಟು ಕ್ಷಾಮ ತಲೆದೋರಿತ್ತು. ಇವುಗಳ ನಡುವೆ ನಂಟಿರಬಹುದೆಂದು ವಿದ್ವಾಂಸರು ಚರ್ಚಿಸುತ್ತ ಬಂದಿದ್ದಾರೆ. ಎಲ್ಲ ಹೊಂಡಗಳಿಗೂ ಅದೊಂದೇ ಕಾರಣವೆನ್ನಲಾಗದು. ಆದರೂ ಹಸಿವಿನಿಂದ ಅಳಿದವರ ಕಥೆ ಪ್ಲೇಗಿನ ಲೆಕ್ಕಕ್ಕೆ ಸೇರಿಹೋಗದಂತೆ ತಡೆದದ್ದು ಈ ಪರೀಕ್ಷೆಯೇ.

ವಾಣಿಜ್ಯ ಕಟ್ಟಡಕ್ಕಾಗಿ ಸಮಾಧಿಗಳನ್ನು ತೆರವುಗೊಳಿಸುವುದು ಹೃದಯಹೀನವಲ್ಲವೇ ಎಂದು ನೀವು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಅಗೆಯುವುದು ಅನಿವಾರ್ಯವಾದಾಗ, ಓದದೆ ಎಸೆಯುವುದಕ್ಕಿಂತ ಓದಿ ಕಾಪಾಡುವುದೇ ಗೌರವ. ಇಂದು ಆ ನೆಲಮಾಳಿಗೆಯ ಗೋಡೆಗಳನ್ನು ದಾರಿಹೋಕರೂ ಗಾಜಿನ ಮೂಲಕ ಕಾಣಬಹುದು.

ಮಕ್ಕಳೇ, ತರಗತಿಯಲ್ಲಿ ನೀವು ಬಾಯಿಪಾಠ ಮಾಡಿದ್ದು ಅರಸರ ಹೆಸರುಗಳನ್ನು. ಅರಸರಿಗೆ ಶಾಸನಗಳಿವೆ, ಚರಿತ್ರಕಾರರಿದ್ದಾರೆ. ಹಸಿದು ಸತ್ತ ಬಡವನಿಗೆ ಉಳಿದಿರುವ ದಾಖಲೆ ಅವನ ಮೂಳೆಯೊಂದೇ. ಅದನ್ನು ಶ್ರದ್ಧೆಯಿಂದ ಓದುವುದು ಅವನಿಗೆ ನಾವು ಸಲ್ಲಿಸಬೇಕಾದ ಋಣ.