ಅಂಕಪಟ್ಟಿಯಲ್ಲಿ ಇಲ್ಲದ ಕಾಡು

ದುಬಾರಿ ಸಿಗಾರ್‌ಗಳ ರುಚಿ ನೋಡಿ ಅಂಕ ಕೊಡುವುದು ಇಂದು ಜಗತ್ತಿನ ಅನುಕೂಲಸ್ಥರ ಹವ್ಯಾಸಗಳಲ್ಲಿ ಒಂದು. 1992ರಲ್ಲಿ ಅಮೆರಿಕದಲ್ಲಿ ‘ಸಿಗಾರ್ ಅಫಿಶಿಯನಾಡೊ’ ಎಂಬ ಪತ್ರಿಕೆ ಆರಂಭವಾಯಿತು. ದ್ರಾಕ್ಷಾರಸಕ್ಕೆ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದ ಪದ್ಧತಿಯನ್ನು ಅದು ಸಿಗಾರಿಗೂ ಅನ್ವಯಿಸಿದ ಮೇಲೆ ಈ ಹವ್ಯಾಸಕ್ಕೆ ಶಾಸ್ತ್ರದ ಗತ್ತು ಬಂದುಬಿಟ್ಟಿತು. ಮಲೆನಾಡಿನ ಕಾಡು, ತೋಟ, ಹೊಳೆಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ ಸಿಗಾರಿನ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣ ಇಷ್ಟೆ: ಎಲೆಯೊಂದನ್ನು ಅದರ ನೆಲದಿಂದಲೂ ಅದನ್ನು ಬೆಳೆದ ಕೈಗಳಿಂದಲೂ ಬೇರ್ಪಡಿಸಿ, ಕೇವಲ ನಾಲಿಗೆಯ ಅನುಭವವನ್ನಾಗಿ ಮಾರುವ ವಿದ್ಯೆ ಅಲ್ಲಿ ಪರಿಪೂರ್ಣವಾಗಿದೆ. ಅದೇ ವಿದ್ಯೆ ಈಗ ನಮ್ಮ ಬೆಟ್ಟಗಳ ಬೆಳೆಗೂ ಬಂದಿದೆ.

ಮೊದಲು ಆ ಪದ್ಧತಿಯನ್ನು ನೋಡೋಣ. ರುಚಿಗಾರನು ಸಿಗಾರನ್ನು ಬೆರಳುಗಳ ನಡುವೆ ಮೆಲ್ಲಗೆ ಒತ್ತಿ ಕಟ್ಟು ಬಿಗಿಯೋ ಸಡಿಲವೋ ಎಂದು ನೋಡುತ್ತಾನೆ. ಹೊರ ಎಲೆಯ ಬಣ್ಣ, ನರ, ಎಣ್ಣೆಯ ಹೊಳಪನ್ನು ಪರೀಕ್ಷಿಸುತ್ತಾನೆ. ತುದಿ ಕತ್ತರಿಸಿ, ಬೆಂಕಿ ಹಚ್ಚುವ ಮೊದಲೇ ಒಮ್ಮೆ ಎಳೆದು ವಾಸನೆ ಹಿಡಿಯುತ್ತಾನೆ. ಹಚ್ಚಿದ ಮೇಲೆ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದೆ ಬಾಯಲ್ಲೇ ತಿರುವಿ, ಸ್ವಲ್ಪವನ್ನು ಮೂಗಿನಿಂದ ಬಿಡುತ್ತಾನೆ. ಸಿಗಾರನ್ನು ಮೂರು ಭಾಗಗಳಾಗಿ ಎಣಿಸಿ, ಒಂದೊಂದು ಭಾಗದ ರುಚಿಯನ್ನೂ ಬೇರೆ ಬೇರೆ ಬರೆದಿಡುತ್ತಾನೆ. ಅವನ ಪಟ್ಟಿಯಲ್ಲಿ ಬರುವ ಮಾತುಗಳು: ಸೀಡರ್ ಮರ, ಚರ್ಮ, ಕೋಕೋ, ಕರಿಮೆಣಸು, ಸುಟ್ಟ ಬಾದಾಮಿ, ಒದ್ದೆ ಮಣ್ಣು. ಇಷ್ಟು ಸೂಕ್ಷ್ಮವಾದ ಮೂಗು ಇರುವವನಿಗೆ ಮಣ್ಣಿನ ವಾಸನೆ ಸಿಗುತ್ತದೆ. ಆ ಮಣ್ಣು ಯಾರದ್ದು, ಅದರ ಮೇಲೆ ಮೊದಲು ಏನಿತ್ತು ಎಂಬುದು ಮಾತ್ರ ಸಿಗುವುದಿಲ್ಲ. ಆ ಪ್ರಶ್ನೆಗೆ ಅಂಕಪಟ್ಟಿಯಲ್ಲಿ ಜಾಗವೇ ಇಲ್ಲ.

ಹೊರ ಎಲೆಯಿಂದಲೇ ಆರಂಭಿಸೋಣ. ಸಿಗಾರಿಗೆ ಮೂರು ಪದರ: ಒಳಗಿನ ಹೂರಣ, ಅದನ್ನು ಹಿಡಿದಿಡುವ ಕಟ್ಟೆಲೆ, ಎಲ್ಲಕ್ಕೂ ಮೇಲೆ ಸುತ್ತುವ ಹೊದಿಕೆ ಎಲೆ. ಹೊದಿಕೆ ಎಲೆ ತೆಳ್ಳಗೆ, ಮೃದುವಾಗಿ, ಕಲೆಯಿಲ್ಲದೆ ಇರಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಥ ಎಲೆಗೆ ಜಗತ್ಪ್ರಸಿದ್ಧವಾದದ್ದು ಸುಮಾತ್ರಾ ದ್ವೀಪದ ಪೂರ್ವ ತೀರದಲ್ಲಿರುವ ಡೇಲಿ ಎಂಬ ಸೀಮೆ. 1863ರಲ್ಲಿ ಯಾಕೋಬಸ್ ನಿಯೆನ್‌ಹೌಸ್ ಎಂಬ ಡಚ್ಚನು ಅಲ್ಲಿಗೆ ಬಂದು, ಸುಲ್ತಾನನಿಂದ ಭೂಮಿ ಪಡೆದು ಹೊಗೆಸೊಪ್ಪಿನ ಕೃಷಿ ಆರಂಭಿಸಿದ. 1869ರಲ್ಲಿ ಡೇಲಿ ಕಂಪನಿ ಹುಟ್ಟಿತು. ಮಳೆಕಾಡನ್ನು ಕಡಿದು ಸುಟ್ಟ ಹೊಸ ನೆಲದಲ್ಲಿ ಮೊದಲ ಬೆಳೆಯ ಎಲೆ ಅತ್ಯುತ್ತಮವಾಗಿ ಬರುತ್ತಿತ್ತು. ಅದೇ ನೆಲದಲ್ಲಿ ಮರುವರ್ಷ ಬೆಳೆದರೆ ಗುಣ ಇಳಿಯುತ್ತಿತ್ತು. ಆದ್ದರಿಂದ ಒಂದು ಬೆಳೆ ತೆಗೆದು ಆ ನೆಲವನ್ನು ಹಲವು ವರ್ಷ ಬಿಟ್ಟು, ಮುಂದಿನ ಕಾಡಿಗೆ ಕೊಡಲಿ ಹಾಕುವುದು ಅಲ್ಲಿನ ಕ್ರಮವಾಯಿತು. ಆಮ್‌ಸ್ಟರ್‌ಡ್ಯಾಮಿನ ಹರಾಜಿನಲ್ಲಿ ಆ ಎಲೆಯ ಹೊಳಪಿಗೆ ಬೆಲೆ ಕಟ್ಟಿದವರು, ತಿಳಿದೋ ತಿಳಿಯದೆಯೋ, ಒಂದು ಕಾಡಿನ ಶತಮಾನಗಳ ಎಲೆಗೊಬ್ಬರಕ್ಕೆ ಬೆಲೆ ಕಟ್ಟುತ್ತಿದ್ದರು. ಹಣ ಮಾತ್ರ ಕಾಡಿಗೆ ಹೋಗಲಿಲ್ಲ.

ಕೂಲಿಯವರಿಗೂ ಹೋಗಲಿಲ್ಲ. ಚೀನಾದಿಂದ, ಆಮೇಲೆ ಜಾವಾದಿಂದ ಕರಾರಿನ ಮೇಲೆ ಕೂಲಿಗಳನ್ನು ತರಲಾಯಿತು. 1880ರ ಕೂಲಿ ಕಾಯಿದೆಯ ಪ್ರಕಾರ ಕರಾರು ಮುರಿದು ತೋಟ ಬಿಟ್ಟು ಓಡುವುದು ಶಿಕ್ಷಾರ್ಹ ಅಪರಾಧ. 1902ರಲ್ಲಿ ಫಾನ್ ಡೆನ್ ಬ್ರಾಂಡ್ ಎಂಬ ವಕೀಲ ‘ಡೇಲಿಯ ಲಕ್ಷಾಂತರಗಳು’ ಎಂಬರ್ಥದ ಶೀರ್ಷಿಕೆಯ ಕಿರುಹೊತ್ತಗೆಯಲ್ಲಿ ಅಲ್ಲಿನ ಹಿಂಸೆಯನ್ನು ಬಯಲಿಗೆಳೆದ. ಸರ್ಕಾರ ತನಿಖೆ ಮಾಡಿಸಿತು. 1904ರಲ್ಲಿ ಸಿದ್ಧವಾದ ರೆಮ್ರೆವ್ ವರದಿಯನ್ನು ಮುಚ್ಚಿಟ್ಟಿತು. ಅದು ಅಚ್ಚಿನ ಮುಖ ಕಂಡದ್ದು 1987ರಲ್ಲಿ, ಸಮಾಜವಿಜ್ಞಾನಿ ಯಾನ್ ಬ್ರೆಮನ್ ಅವರ ಪ್ರಯತ್ನದಿಂದ. ಎಂಬತ್ತಕ್ಕೂ ಹೆಚ್ಚು ವರ್ಷ ಕತ್ತಲಲ್ಲಿದ್ದ ಆ ವರದಿಯ ವಿಷಯ ಯಾವ ರುಚಿಗಾರನ ನಾಲಿಗೆಗೂ ತಾಗಿರಲಿಲ್ಲ.

ಸುಮಾತ್ರಾದ ಎಲೆಯೊಂದಿಗೆ ಪೈಪೋಟಿ ನಡೆಸಲು ಅಮೆರಿಕದ ಕನೆಕ್ಟಿಕಟ್ ಕಣಿವೆಯ ಬೆಳೆಗಾರರು 1900ರ ಸುಮಾರಿಗೆ ಒಂದು ಉಪಾಯ ಹೂಡಿದರು. ಹೊಲದ ಮೇಲೆಲ್ಲ ತೆಳು ಬಟ್ಟೆಯ ಚಪ್ಪರ ಹಾಕಿ, ಸುಮಾತ್ರಾದ ಮೋಡ ಮುಸುಕಿದ ಆರ್ದ್ರ ಹವೆಯನ್ನು ಕೃತಕವಾಗಿ ಸೃಷ್ಟಿಸಿದರು. ‘ಕನೆಕ್ಟಿಕಟ್ ನೆರಳೆಲೆ’ ಎಂದು ಇಂದಿಗೂ ರುಚಿಗಾರರು ಹೊಗಳುವುದು ಈ ಚಪ್ಪರದ ಕೆಳಗಿನ ಎಲೆಯನ್ನೇ. ಅಲ್ಲಿ ದುಡಿದವರು ದಕ್ಷಿಣದ ಕಪ್ಪು ವಿದ್ಯಾರ್ಥಿಗಳು, ಜಮೈಕಾ ಹಾಗೂ ಪೋರ್ಟೊರಿಕೋದ ವಲಸಿಗರು. 1944 ಮತ್ತು 1947ರ ಬೇಸಿಗೆಗಳಲ್ಲಿ ಸಿಮ್ಸ್‌ಬರಿಯ ಹೊಗೆಸೊಪ್ಪಿನ ಹೊಲದಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಗಳಲ್ಲಿ ಒಬ್ಬರು ಮಾರ್ಟಿನ್ ಲೂಥರ್ ಕಿಂಗ್. ಒದ್ದೆ ಹೊಗೆಸೊಪ್ಪನ್ನು ಬರಿಗೈಯಲ್ಲಿ ಮುಟ್ಟುವವರಿಗೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಒಳಸೇರಿ ವಾಂತಿ, ತಲೆಸುತ್ತು, ನಿಶ್ಶಕ್ತಿ ಬರುತ್ತದೆ. ವೈದ್ಯರು ಇದನ್ನು ‘ಹಸಿ ತಂಬಾಕು ಕಾಯಿಲೆ’ ಎನ್ನುತ್ತಾರೆ. ಬೆಳಗಿನ ಇಬ್ಬನಿಯಲ್ಲಿ ಎಲೆ ಕೊಯ್ಯುವವನ ಕೈಗೆ ತಾಗುವ ಈ ರುಚಿಗೆ ನೂರಕ್ಕೆ ಎಷ್ಟು ಅಂಕ?

ಕ್ಯೂಬಾದ ಮಾತು ಬೇರೆ ಎನ್ನುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಅದು ನಿಜ. ಪಿನಾರ್ ಡೆಲ್ ರಿಯೊ ಪ್ರಾಂತದ ವುಯೆಲ್ಟಾ ಅಬಾಹೊ ಸೀಮೆಯ ಸಣ್ಣ ರೈತರ ಕೌಶಲ ದೊಡ್ಡದು. ಎತ್ತುಗಳಿಂದ ಉಳುವ ವಿನ್ಯಾಲೆಸ್ ಕಣಿವೆಯನ್ನು ಯುನೆಸ್ಕೊ 1999ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿ ಕೆಲಸಗಾರರು ಸಿಗಾರ್ ಸುತ್ತುತ್ತಿರುವಾಗ ಒಬ್ಬನು ಎತ್ತರದಲ್ಲಿ ಕುಳಿತು ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುವ ಸಂಪ್ರದಾಯ 1865ರಿಂದ ಬಂದದ್ದು; ಕೆಲಸಗಾರರೇ ತಮ್ಮ ಕೂಲಿಯಿಂದ ಅವನಿಗೆ ಸಂಬಳ ಕೊಡುತ್ತಿದ್ದರು. ಗೌರವಿಸಬೇಕಾದ ಸಂಸ್ಕೃತಿ ಅದು. ಆದರೆ 2022ರ ಸೆಪ್ಟೆಂಬರ್ 27ರಂದು ಇಯಾನ್ ಚಂಡಮಾರುತ ಇದೇ ಪ್ರಾಂತಕ್ಕೆ ಅಪ್ಪಳಿಸಿ, ಎಲೆ ಒಣಗಿಸುವ ಸಾವಿರಾರು ಮನೆಗಳನ್ನು ನೆಲಸಮ ಮಾಡಿತು. 2024ರಲ್ಲಿ ಕ್ಯೂಬಾದ ಸಿಗಾರುಗಳನ್ನು ಜಗತ್ತಿಗೆ ಮಾರುವ ಹಬಾನೋಸ್ ಸಂಸ್ಥೆಯ ವಹಿವಾಟು 82.7 ಕೋಟಿ ಡಾಲರಿಗೆ ಏರಿ ದಾಖಲೆ ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಯೂಬಾದ ವಿದ್ಯುತ್ ಜಾಲವೇ ಕುಸಿದು ಇಡೀ ದೇಶ ಕತ್ತಲಾಯಿತು. ಮಾಡು ಹಾರಿದ ರೈತನಿಗೂ ದಾಖಲೆ ಮುಟ್ಟಿದ ಬೆಲೆಗೂ ನಡುವೆ ಎಷ್ಟು ದೂರವಿದೆ ಎಂದು ಅಳೆಯುವ ಕೋಲು ರುಚಿಗಾರನ ಬಳಿ ಇಲ್ಲ.

ಇನ್ನು ಆ ‘ಸೀಡರ್’ ಪರಿಮಳ. ಸಿಗಾರ್ ಪೆಟ್ಟಿಗೆಗೆ ಬಳಸುವ ‘ಸ್ಪ್ಯಾನಿಶ್ ಸೀಡರ್’ ದೇವದಾರುವಲ್ಲ, ಸ್ಪೇನಿನ ಮರವೂ ಅಲ್ಲ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳ ಸೆಡ್ರೆಲಾ ಮರ, ನಮ್ಮ ಕಾಡಿನ ಗಂಧಗರಿಗೆಯ ಹತ್ತಿರದ ಸಂಬಂಧಿ. ಹಿಂದೆ ಸಸ್ಯಶಾಸ್ತ್ರಜ್ಞರು ಗಂಧಗರಿಗೆಯನ್ನೂ ಸೆಡ್ರೆಲಾ ಎಂದೇ ಕರೆಯುತ್ತಿದ್ದರು. ಹುಳು ಹಿಡಿಯದ, ಹಗುರವಾದ, ಸುವಾಸನೆಯ ಈ ಮರವನ್ನು ತಲೆಮಾರುಗಳ ಕಾಲ ಆಯ್ದು ಕಡಿದ ಫಲವಾಗಿ ಅದು ವಿರಳವಾಯಿತು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಅದನ್ನು ಸೇರಿಸಲು 2019ರಲ್ಲಿ ತೀರ್ಮಾನವಾಗಿ, 2020ರಲ್ಲಿ ಜಾರಿಗೆ ಬಂತು. ಹಾಗಿದ್ದರೂ ಸಿಗಾರಿನ ಪುಟಗಳಲ್ಲಿ ಸೀಡರ್ ಎಂಬುದು ಒಂದು ಪರಿಮಳದ ಹೆಸರು, ಅಷ್ಟೆ.

ಎದುರುಮಾತುಗಳನ್ನೂ ನ್ಯಾಯವಾಗಿ ಕೇಳೋಣ. ಹೊಗೆ ಒಳಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬುದು ಮೊದಲನೆಯದು. ಇದು ಸುಳ್ಳು. ಸಿಗಾರಿನ ಹೊಗೆ ಕ್ಷಾರಗುಣದ್ದಾದ್ದರಿಂದ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತ ಸೇರುತ್ತದೆ. ಒಳಗೆ ಎಳೆಯದವರಿಗೂ ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸ್ಪಷ್ಟಪಡಿಸಿದೆ.

ಎರಡನೆಯದು: ತಂಬಾಕಿನಿಂದಾಗುವ ಪರಿಸರ ನಾಶದಲ್ಲಿ ಕೈಯಲ್ಲಿ ಸುತ್ತಿದ ಸಿಗಾರಿನ ಪಾಲು ಅಲ್ಪ. ಇದು ನಿಜ. ತಂಬಾಕು ಉದ್ಯಮ ವರ್ಷಕ್ಕೆ 60 ಕೋಟಿ ಮರಗಳನ್ನೂ 2 ಲಕ್ಷ ಹೆಕ್ಟೇರ್ ನೆಲವನ್ನೂ ನುಂಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದರ ಬಹುಪಾಲು ಸಿಗರೇಟಿನ ಲೆಕ್ಕಕ್ಕೇ ಸೇರಬೇಕು. ಸಿಗಾರಿನ ಎಲೆ ಗಾಳಿಯಲ್ಲಿ ಒಣಗುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸಿಗರೇಟು ಸೊಪ್ಪಿನಂತೆ ಬ್ಯಾರನ್ನುಗಳಲ್ಲಿ ಸೌದೆಯ ಬೆಂಕಿಗೆ ಬೇಯುವುದಿಲ್ಲ. ಆದರೆ ನಮ್ಮ ಆಕ್ಷೇಪ ಪ್ರಮಾಣದ ಮೇಲಲ್ಲ. ಹೊಗೆಸೊಪ್ಪಿಗೆ ಮರ್ಯಾದೆಯ ಉಡುಪು ತೊಡಿಸಿ, ಅದನ್ನು ವಿದ್ಯಾವಂತರ ಅಭಿರುಚಿಯನ್ನಾಗಿ ಮಾಡುವುದು ಈ ಹವ್ಯಾಸವೇ. ಬೀಡಿ ಸೇದುವ ಕೂಲಿಯವನಿಗೆ ಉಪದೇಶ, ಸಿಗಾರ್ ಸೇದುವ ಧಣಿಗೆ ಪ್ರಶಸ್ತಿ, ಇದಾವ ನೀತಿ?

ಮೂರನೆಯ ವಾದ ಗಟ್ಟಿಯಾದದ್ದು: ರುಚಿಯ ವಿವೇಚನೆಯೇ ತಪ್ಪೆನ್ನುತ್ತೀರಾ? ಇಲ್ಲ. ಜೇನು ನೆಕ್ಕಿ ಅದು ಯಾವ ಹೂವಿನದೆಂದು ಹೇಳಬಲ್ಲ ಹಿರಿಯರು ನಮ್ಮ ಊರುಗಳಲ್ಲಿದ್ದಾರೆ. ಅಪ್ಪೆಮಿಡಿಯ ಸೊನೆ ಮೂಸಿ ಅದು ಯಾವ ಹೊಳೆದಂಡೆಯ ಮರದ್ದೆಂದು ಹೇಳುವವರೂ ಇದ್ದಾರೆ. ಆದರೆ ಅವರ ನಾಲಿಗೆಗೆ ಆ ಮರ ಗೊತ್ತು. ಮರ ಬಿದ್ದರೆ ರುಚಿಯೂ ಹೋಯಿತೆಂಬ ಭಯ ಗೊತ್ತು. ಅಂಥ ರುಚಿ ಹೊಣೆಗಾರಿಕೆಯನ್ನು ಹುಟ್ಟಿಸುತ್ತದೆ. ಅಂಕಪಟ್ಟಿಯ ರುಚಿಗೆ ಆ ಭಯವಿಲ್ಲ. ಒಂದು ಸೀಮೆ ಬರಿದಾದರೆ ಇನ್ನೊಂದು ಸೀಮೆಯ ಎಲೆಗೆ ತೊಂಬತ್ತೆರಡು ಅಂಕ ಕೊಟ್ಟು ಮುಂದೆ ನಡೆಯುತ್ತದೆ. ಡೇಲಿಯಲ್ಲಿ ಕೊಡಲಿ ನಡೆದದ್ದು ಹೀಗೆಯೇ.

ಈಗ ನಮ್ಮ ಅಂಗಳಕ್ಕೆ ಬರೋಣ. ನಮ್ಮ ಕಾಫಿಯನ್ನು ವಿಶೇಷ ದರ್ಜೆಯದೆಂದು ಮಾರಬೇಕಾದರೆ ಕಪ್ಪಿನ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಅಂಕ ದಾಟಬೇಕೆಂಬ ಮಾತು ಬೆಳೆಗಾರರಿಗೆ ಹೊಸದಲ್ಲ. ಒಳ್ಳೆಯ ಬೀಜಕ್ಕೆ ಒಳ್ಳೆಯ ಬೆಲೆ ಸಿಗಲಿ. ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಕಾಡುಮರಗಳ ನೆರಳನ್ನು ಉಳಿಸಿಕೊಂಡ ತೋಟಕ್ಕೂ, ಆ ಮರಗಳನ್ನೆಲ್ಲ ಕಡಿದು ಸಿಲ್ವರ್ ಓಕ್ ಸಾಲು ಹಾಕಿದ ತೋಟಕ್ಕೂ ಕಪ್ಪಿನಲ್ಲಿ ಒಂದೇ ಅಂಕ ಬರಬಹುದು. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಟ್ಟವನಿಗೂ ಗುಂಡಿ ತೋಡಿ ಇಂಗಿಸಿದವನಿಗೂ ಒಂದೇ ಅಂಕ ಬರಬಹುದು. ಲೈನ್ ಮನೆಯಲ್ಲಿ ಕುಡಿಯುವ ನೀರು ಇಲ್ಲದಿದ್ದರೆ ಕಾಫಿಯ ಪರಿಮಳಕ್ಕೇನೂ ಕುಂದಾಗದು. ನಾಲಿಗೆ ಇವನ್ನು ಹೇಳಲಾರದು, ಹೇಳಬೇಕಾದವರು ನಾವು.

ಆದ್ದರಿಂದ ಬೆಟ್ಟದ ಊರುಗಳ ಬಂಧುಗಳಲ್ಲೂ ವಿದ್ಯಾರ್ಥಿ ಮಿತ್ರರಲ್ಲೂ ನಮ್ಮ ವಿನಂತಿ ಎರಡು. ಪಟ್ಟಣದ ಹೊಳೆಯುವ ಕೋಣೆಯಲ್ಲಿ ಯಾರಾದರೂ ಸಿಗಾರನ್ನು ಸಂಸ್ಕೃತಿಯೆಂದು ಕೈಗಿತ್ತರೆ, ಅದರ ಹೊದಿಕೆ ಎಲೆ ಯಾವ ನೆಲದ್ದು, ಪೆಟ್ಟಿಗೆ ಯಾವ ಕಾಡಿನದು, ಸುತ್ತಿದ ಕೈಗೆ ಸಂದದ್ದೆಷ್ಟು ಎಂದು ಕೇಳಿ. ಬಳಿಕ ನಯವಾಗಿ ಹಿಂದಿರುಗಿಸಿ. ಎರಡನೆಯದಾಗಿ, ನಮ್ಮ ಕಾಫಿ, ಮೆಣಸು, ಏಲಕ್ಕಿ, ಜೇನಿಗೆ ಅಂಕ ಕೊಡಲು ಬರುವವರ ಮುಂದೆ ನಮ್ಮದೇ ಪಟ್ಟಿಯನ್ನು ಇಡಿ. ಅದರಲ್ಲಿ ತೋಟದ ಮರಗಳ ಎಣಿಕೆಯಿರಲಿ, ಹಳ್ಳದ ನೀರಿನ ಸ್ಥಿತಿಯಿರಲಿ, ಕೂಲಿಯ ದರವಿರಲಿ. ಗ್ರಾಮಸಭೆಯಲ್ಲಿ ಅದನ್ನು ಓದಿ, ಚರ್ಚಿಸಿ, ತಿದ್ದಿ. ಡೇಲಿಯ ವರದಿ ಬೆಳಕಿಗೆ ಬರಲು ಎಂಬತ್ತಮೂರು ವರ್ಷ ಬೇಕಾಯಿತು. ನಮ್ಮ ಬೆಟ್ಟಗಳ ವರದಿಯನ್ನು ಈ ಮಳೆಗಾಲ ಮುಗಿಯುವುದರೊಳಗೆ ನಾವೇ ಬರೆಯೋಣ.