ಹಳೆಯ ವಸತಿಶಾಲೆಗಳು: ಯಾವುದು ಉಳಿಯಿತು, ಏಕೆ?

ಅಮೆರಿಕದವರು ಪುರಾತನ ಕಟ್ಟಡಗಳನ್ನು ಜತನದಿಂದ ಕಾಪಾಡುತ್ತಾರೆ ಎಂಬ ಮೆಚ್ಚುಗೆಯ ಮಾತನ್ನು ಊರಿನ ಬಂಧುಗಳು ಆಗಾಗ ಆಡುತ್ತಾರೆ. ಶಿಕಾಗೊ ಮತ್ತು ಡೆಟ್ರಾಯಿಟ್ ಸೀಮೆಯ ಹಳೆಯ ಹೆಣ್ಣುಮಕ್ಕಳ ವಸತಿಶಾಲೆಗಳ ಕಥೆ ಈ ಮಾತನ್ನು ಅರ್ಧದಷ್ಟೇ ಸಮರ್ಥಿಸುತ್ತದೆ.

ವಿಕ್ಟೋರಿಯ ರಾಣಿಯ ಕಾಲದ ಇಂಥ ಶಾಲೆಗಳಿಗೆ ದಪ್ಪ ಗೋಡೆ, ಎತ್ತರದ ಚಾವಣಿ, ಆಳೆತ್ತರದ ಕಿಟಕಿಗಳು ಸಾಮಾನ್ಯ ಲಕ್ಷಣ. ವೈದ್ಯನಾದ ನನ್ನ ಗಮನ ಮೊದಲು ಕಿಟಕಿಗಳ ಮೇಲೆಯೇ ಹರಿಯುತ್ತದೆ. ರಾಬರ್ಟ್ ಕಾಕ್ 1882ರಲ್ಲಿ ಕ್ಷಯದ ರೋಗಾಣುವನ್ನು ಪ್ರಕಟಿಸುವುದಕ್ಕೆ ಮೊದಲು ದುರ್ವಾಯುವೇ ಅನೇಕ ರೋಗಗಳ ಮೂಲವೆಂದು ನಂಬಲಾಗಿತ್ತು. ನಿದಾನ ತಪ್ಪಿದ್ದರೂ, ಒಟ್ಟಿಗೆ ಮಲಗುವ ಮಕ್ಕಳಿಗೆ ಗಾಳಿ-ಬೆಳಕು ಬೇಕೆಂಬ ಚಿಕಿತ್ಸೆ ಸರಿಯಾಗಿಯೇ ಇತ್ತು.

ಇಂದು ಇವುಗಳ ಸ್ಥಿತಿ ಬೇರೆಬೇರೆ. ಡೆಟ್ರಾಯಿಟ್ ಬಳಿಯ ಗ್ರಾಸ್ ಪಾಯಿಂಟ್ ಫಾರ್ಮ್ಸ್‌ನಲ್ಲಿ ಸೇಕ್ರೆಡ್ ಹಾರ್ಟ್ ಸಂನ್ಯಾಸಿನಿಯರು 1885ರಲ್ಲಿ ಕಟ್ಟಿಸಿದ ಕಾನ್ವೆಂಟ್ ಕಟ್ಟಡ ಉಳಿದಿದೆ. 1969ರಲ್ಲಿ ಆ ಶಾಲೆ ಸ್ವತಂತ್ರ ಗ್ರಾಸ್ ಪಾಯಿಂಟ್ ಅಕಾಡೆಮಿಯಾಯಿತು. ವಸತಿ ನಿಂತಿತಾದರೂ ಪಾಠ ನಿಲ್ಲಲಿಲ್ಲ. ಶಿಕಾಗೊದ ಉತ್ತರಕ್ಕಿರುವ ಲೇಕ್ ಫಾರೆಸ್ಟ್‌ನಲ್ಲಿ 1869ರಲ್ಲಿ ಆರಂಭವಾದ ಫೆರಿ ಹಾಲ್, 1974ರಲ್ಲಿ ಲೇಕ್ ಫಾರೆಸ್ಟ್ ಅಕಾಡೆಮಿಯೊಂದಿಗೆ ವಿಲೀನವಾಯಿತು. ಅದರ ಹಳೆಯ ಕಟ್ಟಡದಲ್ಲಿ ಈಗ ಸಂಸಾರಗಳು ವಾಸಿಸುತ್ತವೆ. ಅದೇ ಊರಿನಲ್ಲಿ, ವಿಕ್ಟೋರಿಯ ಯುಗ ಮುಗಿದ ಬೆನ್ನಲ್ಲೇ 1904ರಲ್ಲಿ ಎದ್ದ ಬ್ಯಾರಟ್ ಕಾಲೇಜಿನ ಮುಖ್ಯ ಸೌಧಕ್ಕೆ ಆ ಭಾಗ್ಯವಿರಲಿಲ್ಲ. ಕಾಲೇಜು 2005ರಲ್ಲಿ ಮುಚ್ಚಿತು. ಹೊಸ ಉಪಯೋಗ ಕೂಡಿಬರದೆ ಖಾಲಿ ನಿಂತ ಸೌಧವನ್ನು ಕೊನೆಗೆ ಕೆಡವಲಾಯಿತು.

ಕಾನೂನು ಇರಲಿಲ್ಲವೇ? ಇತ್ತು. ಆದರೆ 1966ರ ಕಾಯ್ದೆಯಡಿ ರಾಷ್ಟ್ರೀಯ ಪಟ್ಟಿಗೆ ಸೇರಿದ ಮಾತ್ರಕ್ಕೆ, ಖಾಸಗಿ ಮಾಲೀಕನು ತನ್ನ ಹಣದಿಂದ ಕಟ್ಟಡ ಕೆಡವುವುದನ್ನು ತಡೆಯಲಾಗದು. ತಡೆಯುವ ಅಧಿಕಾರವಿರುವುದು ಸ್ಥಳೀಯ ನಿಯಮಗಳಿಗೆ. ಪಟ್ಟಿಯ ನಿಜವಾದ ಬಲ ಹಣಕಾಸಿನದು: ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ನಿಗದಿತ ಮಾನದಂಡದಂತೆ ಜೀರ್ಣೋದ್ಧಾರ ಮಾಡಿದರೆ, ಅರ್ಹ ವೆಚ್ಚದ ಶೇ 20ರಷ್ಟು ತೆರಿಗೆ ರಿಯಾಯಿತಿ ದೊರೆಯುತ್ತದೆ. ಸೀಸದ ಬಣ್ಣ, ಕಲ್ನಾರು, ಅಗ್ನಿಸುರಕ್ಷೆ, ಲಿಫ್ಟ್ ಇವುಗಳ ಖರ್ಚಿನ ಮುಂದೆ ಅಭಿಮಾನವೊಂದೇ ಸಾಲದು.

ಇಲ್ಲಿಗೆ ಬಂದು ನೆಲೆಸಬಯಸುವವರಿಗೂ ಇದರಲ್ಲಿ ಪಾಠವಿದೆ. ಸಂರಕ್ಷಿತ ಬಡಾವಣೆಯಲ್ಲಿ ಮನೆ ಕೊಂಡರೆ ಹೊರಗಿನ ಕಿಟಕಿ ಬದಲಿಸಲು ಸಹ ಅನುಮತಿ ಬೇಕಾಗಬಹುದು. 1978ಕ್ಕೆ ಮುಂಚಿನ ಮನೆಯಾದರೆ ಸೀಸದ ಬಣ್ಣದ ಬಗ್ಗೆ ಮಾರುವವರು ತಮಗೆ ತಿಳಿದುದನ್ನು ಬರಹದಲ್ಲಿ ತಿಳಿಸಲೇಬೇಕು. ಪುಟ್ಟ ಮಕ್ಕಳಿದ್ದರೆ ಆ ಕಾಗದವನ್ನು ಓದದೆ ಸಹಿ ಹಾಕಬೇಡಿ.

ಇನ್ನು ನಮ್ಮ ನಾಡಿನ ಮಾತು. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಶತಮಾನದ ಕಟ್ಟಡದ ಒಂದು ಭಾಗ ಕುಸಿಯಿತು. ಅಲ್ಲಿ ಕಟ್ಟಡಕ್ಕೆ ಕೆಲಸದ ಕೊರತೆಯಿರಲಿಲ್ಲ. ನಿತ್ಯ ತರಗತಿಗಳು ನಡೆಯುತ್ತಿದ್ದವು. ಉಪಯೋಗವಿದ್ದರೂ ವರ್ಷವರ್ಷದ ಆರೈಕೆ ಬೇಕೇ ಬೇಕು. ಆರೈಕೆಗೆ ಹಣ ಬರಬೇಕಾದರೆ ಉಪಯೋಗವೂ ಇರಬೇಕು. ತಾವು ಓದಿದ ಶಾಲೆಗೆ ಪರದೇಶದಿಂದ ಹಣ ಕಳುಹಿಸುವ ಹಳೆಯ ವಿದ್ಯಾರ್ಥಿಗಳು ಹೊಸ ಸಭಾಂಗಣಕ್ಕೆ ಹೆಸರು ಕೆತ್ತಿಸುವ ಮುನ್ನ, ಹಳೆಯ ಮಾಡು ಸೋರುತ್ತಿದೆಯೇ ಎಂದು ಒಮ್ಮೆ ವಿಚಾರಿಸುವುದು ಲೇಸು.