ಕೋವಿ ಬದಲು ಏರ್‌ಗನ್: ತೋಟಕ್ಕಲ್ಲ, ಹಿತ್ತಲಿನ ಗುರಿಗೆ ಮಾತ್ರ ಸರಿ

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಚುನಾವಣೆ ಮಾತು ಶುರುವಾದರೆ ರೈತರಿಗೆ ಮೊದಲು ನೆನಪಾಗೋದು ಅಭ್ಯರ್ಥಿ ಯಾರು ಅಂತಲ್ಲ, ಕೋವಿ ಯಾವಾಗ ಸ್ಟೇಷನ್‌ಗೆ ಕೊಡಬೇಕು ಅಂತ. ನೀತಿ ಸಂಹಿತೆ ಜಾರಿಯಾದ ಕೂಡಲೇ ಪರವಾನಗಿ ಇರುವ ಬಂದೂಕು ಠೇವಣಿ ಇಡುವಂತೆ ಸೂಚನೆ ಬರುತ್ತೆ. ಬೆಳೆ ರಕ್ಷಣೆಗೆ ಬೇಕೇಬೇಕು ಅಂತ ಅರ್ಜಿ ಹಾಕಿ ವಿನಾಯಿತಿ ಪಡೆದವರಿದ್ದಾರೆ, ಕೋರ್ಟ್ ಮೊರೆ ಹೋದವರೂ ಇದ್ದಾರೆ. ಉಳಿದವರ ಕೋವಿ ತಿಂಗಳುಗಟ್ಟಲೆ ಸ್ಟೇಷನ್ನಿನಲ್ಲೇ. ಅಷ್ಟು ದಿನ ಮಂಗಗಳು ಸುಮ್ಮನೆ ಕೂರುವುದಿಲ್ಲ.

ಇಂಥ ಹೊತ್ತಿನಲ್ಲೇ ಏರ್‌ಗನ್ ಮನೆಗೆ ಬರುತ್ತೆ. ಲೈಸೆನ್ಸ್ ಬೇಡ, ಠೇವಣಿ ಇಡೋದು ಬೇಡ, ನವೀಕರಣಕ್ಕೆ ಓಡಾಡೋದು ಬೇಡ. ಬೆಲೆ ಕೆಲವೇ ಸಾವಿರದಿಂದ ಶುರು. "ಹೆಂಗೂ ಗಾಳಿ ಬಂದೂಕಲ್ವಾ, ಏನಾಗುತ್ತೆ?" ಅನ್ನೋದು ಸಾಮಾನ್ಯ ಮಾತು. ಏನಾಗುತ್ತೆ ಅನ್ನುವುದಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ. 2025ರಲ್ಲಿ ಶಿರಸಿ ತಾಲ್ಲೂಕಿನ ತೋಟವೊಂದರಲ್ಲಿ ಮಂಗ ಓಡಿಸಲು ಬಳಸುತ್ತಿದ್ದ ಏರ್‌ಗನ್ ಮಕ್ಕಳ ಕೈಗೆ ಸಿಕ್ಕಿ, ಹಾರಿದ ಗುಂಡಿಗೆ ಬಾಲಕನೊಬ್ಬ ಜೀವ ಕಳೆದುಕೊಂಡ.

ಹಾಗಾದರೆ ಏರ್‌ಗನ್ ಕೋವಿಗೆ ಬದಲಿಯೇ? ಗುರಿ ಅಭ್ಯಾಸಕ್ಕಾದರೆ ಹೌದು, ಒಳ್ಳೆಯ ಬದಲಿ. ತೋಟ ಕಾಯುವುದಕ್ಕಾದರೆ ಖಂಡಿತ ಅಲ್ಲ. ಈ ಎರಡನ್ನೂ ಒಂದೇ ಅಂದುಕೊಂಡಿರುವುದರಿಂದಲೇ ಅನಾಹುತ ಆಗುತ್ತಿದೆ.

ಲೈಸೆನ್ಸ್ ಇಲ್ಲ ಅಂದರೆ ಆಟಿಕೆ ಅಂತಲ್ಲ

ಮೊದಲು ಕಾನೂನು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 2016ರಲ್ಲಿ ಹೊಸ ನಿಯಮ ಬಂತು. ಅದರ ಪ್ರಕಾರ ನಳಿಕೆಯ ಬೋರ್ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಬಾರದು. ಗುಂಡು ನಳಿಕೆ ಬಿಡುವಾಗಿನ ಶಕ್ತಿ 20 ಜೂಲ್ ಮೀರಬಾರದು. ಈ ಎರಡೂ ಮಿತಿಯೊಳಗಿದ್ದರೆ ಪರವಾನಗಿ ಬೇಡ. ಯಾವುದಾದರೂ ಒಂದು ಮೀರಿದರೂ ಬೇಕು. ಹಾಗಾಗಿ 0.22 ಬೋರ್‌ನ ಏರ್ ರೈಫಲ್ "ಗಾಳಿಯದ್ದೇ" ಆಗಿದ್ದರೂ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ.

ಎಡವಟ್ಟಾಗೋದು 20 ಜೂಲ್ ಲೆಕ್ಕದಲ್ಲಿ. ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋದರೆ ಸುಮಾರು 5.6 ಜೂಲ್. ಅದೇ ಪೆಲೆಟ್ 280 ಮೀಟರ್ ವೇಗದಲ್ಲಿ ಹೋದರೆ 19.6 ಜೂಲ್, ಮಿತಿಯ ಅಂಚಿಗೆ ಬಂತು. ನಳಿಕೆ ಮಡಚಿ ಸ್ಪ್ರಿಂಗ್ ಎಳೆಯುವ ಬಂದೂಕಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸುವುದು, ಸಿಲಿಂಡರಿನಲ್ಲಿ ಗಾಳಿ ತುಂಬಿಸುವ ಪಿಸಿಪಿ ರೈಫಲಿನ ಪವರ್ ಏರಿಸುವುದು ಇವೆಲ್ಲ ನಡೆಯುತ್ತೆ. ಮಿತಿ ದಾಟಿದ ಕ್ಷಣಕ್ಕೆ ಅದು ಪರವಾನಗಿ ಇಲ್ಲದ ಆಯುಧ. ಅಂಗಡಿಯ ಬಿಲ್ ತೋರಿಸಿದರೆ ಉಪಯೋಗವಿಲ್ಲ.

12 ಬೋರ್ ತೋಟಾ ಕೋವಿಯ ಶಕ್ತಿ 2,000 ಜೂಲ್ ದಾಟುತ್ತೆ. ಅದರ ಮುಂದೆ 20 ಏನೂ ಅಲ್ಲ ಅನ್ನಿಸಬಹುದು. ಆದರೆ ಮನುಷ್ಯನ ಚರ್ಮ ಸೀಳಲು ಈ ಗಾತ್ರದ ಪೆಲೆಟ್‌ಗೆ ಸೆಕೆಂಡಿಗೆ 100 ಮೀಟರ್ ಆಸುಪಾಸಿನ ವೇಗ ಸಾಕು. ಕಣ್ಣಿಗೆ ಅಷ್ಟೂ ಬೇಡ. ಮಕ್ಕಳ ಎದೆಗೂಡು ತೆಳು, ಹತ್ತಿರದಿಂದ ಬಿದ್ದರೆ ಒಳಗೆ ಹೋಗುತ್ತೆ. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹಾರಬಲ್ಲದು. ಕಾನೂನು ಎಳೆದ ಗೆರೆ ಲೈಸೆನ್ಸ್ ಬೇಕೋ ಬೇಡವೋ ಅನ್ನೋದಕ್ಕೆ ಮಾತ್ರ. ಅದರ ಕೆಳಗಿದ್ದರೆ ಅಪಾಯವಿಲ್ಲ ಅಂತ ಆ ಗೆರೆ ಎಲ್ಲೂ ಹೇಳುವುದಿಲ್ಲ.

ಕೋವಿಯ ಕೆಲಸ ಸದ್ದು, ಏರ್‌ಗನ್ನಿನದು ಪೆಟ್ಟು

ತೋಟದಲ್ಲಿ ಕೋವಿ ಮಾಡುತ್ತಿದ್ದ ಕೆಲಸ ಏನು ಅನ್ನೋದನ್ನು ಸರಿಯಾಗಿ ನೋಡಬೇಕು. ಬಹುತೇಕ ತೋಟಿಗರು ಅದನ್ನು ಮೇಲಕ್ಕೆ ಹಿಡಿದು ಒಂದು ಈಡು ಹಾರಿಸುತ್ತಿದ್ದರು. ಕಣಿವೆಯಿಡೀ ಸದ್ದು. ಮಂಗನ ಹಿಂಡು ಬೆಟ್ಟ ಹತ್ತುತ್ತಿತ್ತು, ಹಂದಿ ಗದ್ದೆ ಬಿಡುತ್ತಿತ್ತು. ಪ್ರಾಣಿಗೆ ಗಾಯವಿಲ್ಲ. ಕೇಪಿನ ಕೋವಿಯಂಥ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಬೆಳೆ ರಕ್ಷಣೆ ಹೆಸರಿನಲ್ಲೇ ಪರವಾನಗಿ ಕೊಡಲು ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಅವಕಾಶವಿದೆ.

ಏರ್‌ಗನ್‌ಗೆ ಆ ಸದ್ದೇ ಇಲ್ಲ. ಟಪ್ ಅಂತ ಒಂದು ಶಬ್ದ ಬಂದರೆ ಹೆಚ್ಚು. ಅದಕ್ಕೆ ಮಂಗ ಹೆದರುವುದಿಲ್ಲ. ಹಾಗಾಗಿ ಓಡಿಸಬೇಕು ಅಂದರೆ ಹೊಡೆಯಲೇಬೇಕು, ಪೆಲೆಟ್ ಮೈಗೆ ತಾಗಲೇಬೇಕು. ಸೌಮ್ಯ ಅಂತ ತಂದ ಬದಲಿ, ಪ್ರತಿ ಸಲ ಗಾಯ ಮಾಡದೆ ಕೆಲಸವನ್ನೇ ಮಾಡದ ಬದಲಿ ಆಯಿತು. ಇನ್ನು ಅದರ ಪೆಟ್ಟಿಗೆ ದೊಡ್ಡ ಪ್ರಾಣಿ ಅಲ್ಲೇ ಸಾಯುವುದೂ ಅಪರೂಪ. ಮೈಯಲ್ಲಿ ಸೀಸ ಇಟ್ಟುಕೊಂಡು ಬೆಟ್ಟ ಸೇರುತ್ತೆ, ಕೀವಾಗಿ ದಿನಗಟ್ಟಲೆ ನರಳುತ್ತೆ.

ಇದರಲ್ಲಿ ಮನುಷ್ಯನಿಗೆ ಸಂಬಂಧಿಸಿದ ಇನ್ನೊಂದು ವಿಷಯ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ ತಾಲ್ಲೂಕಿಗೆ ಹೊಸದಲ್ಲ, 2024ರಲ್ಲೂ ಅಲ್ಲಿ ಜೀವಹಾನಿ ಆಗಿದೆ. ಮಂಗ ಸತ್ತು ಬಿದ್ದ ಜಾಗದಲ್ಲಿ ಅದರ ಮೈಮೇಲಿನ ಉಣುಗು ಕೆಳಗೆ ಉದುರುತ್ತೆ. ಸೊಪ್ಪಿಗೆ, ದರಕಿಗೆ ಹೋದವರಿಗೆ ಅದೇ ಹತ್ತುವುದು. ಸತ್ತ ಮಂಗ ಕಂಡರೆ ತಕ್ಷಣ ತಿಳಿಸಿ ಅಂತ ಆರೋಗ್ಯ ಇಲಾಖೆ ಹೇಳುವುದು ಇದಕ್ಕೇ. ಪೆಲೆಟ್ ತಿಂದ ಮಂಗ ಸೊಪ್ಪಿನ ಬೆಟ್ಟದ ಯಾವುದೋ ಮೂಲೆಯಲ್ಲಿ ಸತ್ತರೆ ಯಾರಿಗೆ ಗೊತ್ತಾಗಬೇಕು? ಅದು ಕಾಯಿಲೆಯಿಂದ ಸತ್ತಿದ್ದೋ ಗಾಯದಿಂದ ಸತ್ತಿದ್ದೋ ಅನ್ನುವುದೂ ಗೊಂದಲ. ಹೊಡೆದವನೂ ಬಾಯಿ ಬಿಡುವುದಿಲ್ಲ.

ಸಾಯದಿದ್ದರೂ ಬೇಟೆಯೇ

"ಕೊಂದಿಲ್ಲ, ಬರೀ ಚುರುಕು ಮುಟ್ಟಿಸಿದ್ದು" ಅನ್ನುವ ಸಮಜಾಯಿಷಿ ಕಾನೂನಿನ ಮುಂದೆ ನಿಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಗಾಯಗೊಳಿಸುವುದೂ ಸೇರುತ್ತೆ. ಯಾವ ಆಯುಧದಿಂದ ಅನ್ನುವುದು ಮುಖ್ಯ ಅಲ್ಲ. ಕೋವಿಯಾದರೂ ಸರಿ, ಏರ್‌ಗನ್ನಾದರೂ ಸರಿ.

ನವಿಲು ಮೊದಲಿನಿಂದಲೂ ಒಂದನೇ ಪರಿಚ್ಛೇದದ ಪಕ್ಷಿ. 2022ರ ತಿದ್ದುಪಡಿ ಬಳಿಕ ಇಲ್ಲಿನ ತೋಟಗಳಲ್ಲಿ ಓಡಾಡುವ ಸಾಮಾನ್ಯ ಮಂಗವೂ ಅದೇ ಪಟ್ಟಿಗೆ ಸೇರಿದೆ. ಅದನ್ನು ಕೆಳಗಿನ ಪಟ್ಟಿಗೆ ಇಳಿಸಿ ಅಂತ ಕೇರಳ ಕೇಂದ್ರವನ್ನು ಕೇಳಿರುವುದು ಈ ಕಾರಣಕ್ಕೇ. ಒಂದನೇ ಪರಿಚ್ಛೇದದ ಪ್ರಾಣಿಯಾದರೆ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಬಳಸಿದ ಆಯುಧ ಸರ್ಕಾರದ ಪಾಲು. ಬೀದಿ ನಾಯಿ, ಪಕ್ಕದ ಮನೆಯ ದನಕ್ಕೆ ಹೊಡೆದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ, 5 ವರ್ಷದವರೆಗೆ ಜೈಲು. ನಿರ್ಲಕ್ಷ್ಯದಿಂದ ಮನುಷ್ಯನ ಜೀವ ಹೋದರೆ 106ನೇ ಕಲಂ, ಅದಕ್ಕೂ 5 ವರ್ಷದವರೆಗೆ.

ರೈತರ ಸಿಟ್ಟು ಸುಳ್ಳಲ್ಲ. ಎಳೆ ಅಡಿಕೆ, ಏಲಕ್ಕಿ, ಬಾಳೆ, ತೆಂಗು ಯಾವುದನ್ನೂ ಮಂಗ ಬಿಡುವುದಿಲ್ಲ. ವರ್ಷದ ದುಡಿಮೆ ಒಂದು ಬೆಳಗ್ಗೆಯಲ್ಲಿ ನೆಲಕ್ಕೆ ಬೀಳುವುದನ್ನು ನೋಡುವವನಿಗೆ ಕಾಯ್ದೆಯ ಕಲಂ ಓದಿ ಹೇಳಿದರೆ ಹೊಟ್ಟೆ ತುಂಬಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಮಂಕಿ ಪಾರ್ಕ್ ಮಾತು ಕೇಳಿಬಂದು ವರ್ಷಗಳೇ ಕಳೆದವು. ಆದರೆ ಸರ್ಕಾರ ಮಾಡಬೇಕಾದ ಕೆಲಸವನ್ನು ಏರ್‌ಗನ್ ಮಾಡುತ್ತೆ ಅಂತ ನಂಬಿದರೆ ಕೇಸ್ ಬೀಳುವುದು ರೈತನ ಮೇಲೆ. ಸದ್ದು ಬೇಕಿದ್ದರೆ ಸದ್ದಿನ ದಾರಿಯನ್ನೇ ಹಿಡಿಯಬೇಕು. ಬೆಳೆ ರಕ್ಷಣೆಯ ಕೋವಿಗಳನ್ನು ಚುನಾವಣೆ ಹೊತ್ತಿನಲ್ಲಿ ಒಂದೇ ಏಟಿಗೆ ಒಳಗಿಡುವ ಬದಲು, ಯಾರ ಮೇಲೆ ದೂರು ಇದೆ ಯಾರ ಮೇಲಿಲ್ಲ ಅಂತ ನೋಡಿ ತೀರ್ಮಾನಿಸಿ ಅನ್ನುವ ಬೇಡಿಕೆ ಇರುವುದೂ ಅದಕ್ಕೇ. ಆ ಬೇಡಿಕೆಗೆ ನ್ಯಾಯ ಸಿಕ್ಕಿದರೆ ತೋಟಕ್ಕೆ ಏರ್‌ಗನ್ ತರುವವರು ತಾನಾಗಿಯೇ ಕಡಿಮೆಯಾಗುತ್ತಾರೆ.

ಹಿತ್ತಲಿನ 10 ಮೀಟರ್

ಏರ್ ರೈಫಲ್‌ಗೆ ಅದರದ್ದೇ ಆದ ಸರಿಯಾದ ಜಾಗ ಇದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ 10 ಮೀಟರ್ ಏರ್ ರೈಫಲ್ ಒಂದು ಸ್ಪರ್ಧೆ. ಗುರಿಹಲಗೆಯ ನಡುವಿನ 10 ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದಿದ್ದು ಇದೇ ಸ್ಪರ್ಧೆಯಲ್ಲಿ. ಅವರ ಅಭ್ಯಾಸಕ್ಕೆ ಮನೆಯಲ್ಲೇ ರೇಂಜ್ ಕಟ್ಟಿಸಲಾಗಿತ್ತು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಅಥೆನ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್ ತಲುಪಿದ್ದರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಗೆದ್ದ ಎರಡೂ ಕಂಚು ಏರ್ ಪಿಸ್ತೂಲಿನವು. ಕೊಡಗಿನಲ್ಲಿ ಕೈಲ್ ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ. ಗುರಿ ಇಡುವ ಹುಚ್ಚಿಗೆ ಪ್ರಾಣಿ ಬೇಕಾಗಿಲ್ಲ.

ಘಟ್ಟದ ಮೇಲಿನ ಹುಡುಗ ಹುಡುಗಿಯರಿಗೆ ಶೂಟಿಂಗ್ ರೇಂಜ್ ಅಂದರೆ ಹುಬ್ಬಳ್ಳಿ, ಬೆಂಗಳೂರೇ ನೆನಪಾಗೋದು. ಆದರೆ 10 ಮೀಟರ್ ಜಾಗ ಇಲ್ಲಿನ ಯಾವ ಹಿತ್ತಲಿನಲ್ಲಿ ಇಲ್ಲ? ಮದ್ದಿನ ಖರ್ಚಿಲ್ಲ, ಊರು ಬೆಚ್ಚುವ ಸದ್ದಿಲ್ಲ, ಉಸಿರು ಹಿಡಿದು ಟ್ರಿಗರ್ ಒತ್ತುವ ಪಾಠ ಮಾತ್ರ ಕೋವಿಯದ್ದೇ. ಕೋವಿಗೆ ಬದಲಿ ಅನ್ನುವ ಮಾತು ಇಲ್ಲಿ ಸರಿಯಾಗಿ ಹೊಂದುತ್ತೆ. ಮಾಡುವುದಿದ್ದರೆ ಹೀಗೆ ಮಾಡಬೇಕು:

ಗುರಿಯ ಹಿಂದೆ ಮಣ್ಣಿನ ಧರೆ ಇರಲಿ. ಚಿರೇಕಲ್ಲಿನ ಗೋಡೆ, ತಗಡು, ಬಾಟಲಿ ಬೇಡ, ಪೆಲೆಟ್ ವಾಪಸ್ ಹಾರಬಹುದು. ಮರದ ಪೆಟ್ಟಿಗೆಗೆ ಒತ್ತಿ ಮರಳು ಇಲ್ಲವೇ ಹಳೇ ಬಟ್ಟೆ ತುಂಬಿ ಅದರ ಮುಂದೆ ಕಾಗದದ ಗುರಿ ಅಂಟಿಸಿದರೆ ಪೆಲೆಟ್ ಅಲ್ಲೇ ಉಳಿಯುತ್ತೆ.

ಗುರಿಯ ದಿಕ್ಕಿನಲ್ಲಿ ಕಾಲುದಾರಿ, ಕೊಟ್ಟಿಗೆ, ಪಕ್ಕದ ಮನೆ, ಬಾವಿಕಟ್ಟೆ ಇರಕೂಡದು. ಬೇಲಿಯಾಚೆ ಯಾರೂ ಇಲ್ಲ ಅಂತ ಅಂದಾಜಿನ ಮೇಲೆ ಹೊಡೆಯುವುದು ಬೇಡ.

ಗುಂಡು ತುಂಬಿದ ಬಂದೂಕನ್ನು ಕೆಳಗೆ ಇಡಬಾರದು. ಫೋನ್ ಬಂತು ಅಂತ ಎದ್ದು ಹೋಗುವ ಮುಂಚೆ ಖಾಲಿ ಮಾಡಬೇಕು. ಮುಗಿದ ಮೇಲೆ ಬಂದೂಕು ಒಂದು ಕಡೆ, ಪೆಲೆಟ್ ಡಬ್ಬಿ ಇನ್ನೊಂದು ಕಡೆ, ಎರಡಕ್ಕೂ ಬೀಗ. ಅಟ್ಟದ ಮೇಲೆ, ಬಾಗಿಲ ಹಿಂದೆ, ತೋಟದ ಮನೆಯ ಮೂಲೆಯಲ್ಲಿ ಒರಗಿಸಿಟ್ಟರೆ ಮಕ್ಕಳ ಕೈಗೆ ಕೊಟ್ಟಂತೆಯೇ.

ಮಕ್ಕಳು ಕಲಿಯುವುದಾದರೆ ದೊಡ್ಡವರು ಪಕ್ಕದಲ್ಲೇ ನಿಂತಿರಬೇಕು. ಕಣ್ಣಿಗೆ ಕನ್ನಡಕ ಎಲ್ಲರಿಗೂ. ಪೆಲೆಟ್ ಸೀಸದ್ದು, ಮುಟ್ಟಿದ ಕೈ ತೊಳೆಯದೆ ಅವಲಕ್ಕಿ ತಿನ್ನಬಾರದು.

ಯಾರು ಏನು ಮಾಡಬೇಕು

ಇಷ್ಟಕ್ಕೆ ಹೊಸ ಕಾನೂನು ಬೇಕಿಲ್ಲ. ಮಾರುವ ಅಂಗಡಿಯವರು ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುವುದರ ಜೊತೆಗೆ, ಪ್ರಾಣಿಗೆ ಹೊಡೆದರೆ ಏನಾಗುತ್ತೆ ಅಂತ ಎರಡು ಮಾತು ಹೇಳಬಹುದು. ಬೀಟ್ ಪೊಲೀಸರು ಕೋವಿ ಲೆಕ್ಕ ಕೇಳುವಾಗಲೇ ಏರ್‌ಗನ್ ಎಲ್ಲಿಡುತ್ತೀರಿ ಅಂತಲೂ ಕೇಳಬಹುದು. ತೋಟದ ಮಾಲೀಕರು ಕೆಲಸದವರ ಕೈಗೆ ಏರ್‌ಗನ್ ಕೊಟ್ಟು ಮಂಗ ಕಾಯಲು ಬಿಡುವುದನ್ನು ನಿಲ್ಲಿಸಬೇಕು. ಕೆಲಸಕ್ಕೆ ಬಂದ ಕುಟುಂಬದ ಮಕ್ಕಳು ಅಲ್ಲೇ ಆಡಿಕೊಂಡಿರುತ್ತಾರೆ ಅನ್ನುವುದು ಎಲ್ಲ ಮಾಲೀಕರಿಗೂ ಗೊತ್ತಿರುವ ವಿಷಯವೇ. ತಾಲ್ಲೂಕಿಗೊಂದು ಹೈಸ್ಕೂಲಿನಲ್ಲಿ 10 ಮೀಟರಿನ ಸಣ್ಣ ರೇಂಜ್ ಮಾಡಿಸುವುದು ಕ್ರೀಡಾ ಇಲಾಖೆಗೆ ಭಾರೀ ಖರ್ಚಿನ ಕೆಲಸವೂ ಅಲ್ಲ.

ಏರ್‌ಗನ್ ಈಗಾಗಲೇ ಮನೆ ಮನೆಗೆ ಬಂದಾಗಿದೆ, ಅದನ್ನು ಬೈದು ವಾಪಸ್ ಕಳಿಸಲು ಆಗಲ್ಲ. ಅದು ಮಂಗನ ಕಡೆ ತಿರುಗಿದರೆ ರೈತನಿಗೆ ಕೇಸು, ಬೀಗವಿಲ್ಲದೆ ಬಿದ್ದಿದ್ದರೆ ಯಾವುದೋ ಮನೆಯ ಮಗುವಿಗೆ ಆಪತ್ತು. ಧರೆಗೆ ಎದುರಾಗಿ, ಕಾಗದದ ಚುಕ್ಕೆಯ ಕಡೆ ತಿರುಗಿದರೆ ಮಾತ್ರ ಅದರಿಂದ ಯಾರಿಗಾದರೂ ಒಳ್ಳೆಯದು.